ಅಂಗಳದ ಹೂ, ದಾರಿಯ ಹೂ

ಮಳೆಗಾಲದಲ್ಲಿ ಕೊಪ್ಪದಿಂದ ಹರಿಹರಪುರದ ಮಾರ್ಗವಾಗಿ ಶೃಂಗೇರಿಗೆ ಹೋಗುವವರು ಮನೆಗಳ ಮುಂದಿನ ಡೇರೆ ಹೂಗಳನ್ನು ಕಾಣದೆ ಇರಲಾರರು. ತೊಯ್ದ ಅಂಗಳದ ಅಂಚಿನಲ್ಲಿ ಅಂಗೈಯಗಲದ ಕೆಂಪು, ಹಳದಿ, ನೇರಳೆ ಹೂಗಳು ನೀರಿನ ಭಾರಕ್ಕೆ ತಲೆ ಬಾಗಿಸಿ ನಿಂತಿರುತ್ತವೆ. ಅವುಗಳ ಗಡ್ಡೆಗಳ ಕೊಡುಕೊಳೆ ಮಲೆನಾಡಿನ ಹೆಂಗಸರ ನೆಂಟಸ್ತಿಕೆಯ ಒಂದು ಅಂಗ. ಇದು ತವರಿನಿಂದ ಬಂದದ್ದು, ಇದು ಅತ್ತಿಗೆ ಕೊಟ್ಟದ್ದು ಎಂದು ಒಂದೊಂದು ಗಿಡಕ್ಕೂ ಒಂದು ವಂಶಾವಳಿ ಉಂಟು.

ಇಷ್ಟು ನಮ್ಮದಾಗಿರುವ ಈ ಹೂವಿನ ನಿಜವಾದ ತವರು ಮೆಕ್ಸಿಕೊ. ಅಲ್ಲಿಂದ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅದು ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನಕ್ಕೆ ಬಂತು. 1791ರಲ್ಲಿ ಕಾವನಿಯೆಸ್ ಎಂಬ ಸಸ್ಯವಿಜ್ಞಾನಿ, ಲಿನೀಯಸನ ಶಿಷ್ಯನಾಗಿದ್ದ ಸ್ವೀಡನ್ನಿನ ಆಂಡರ್ಸ್ ಡಾಲ್‌ನ ನೆನಪಿಗಾಗಿ ಅದಕ್ಕೆ ಡೇಲಿಯ ಎಂದು ಹೆಸರಿಟ್ಟನು. ಆ ಹೆಸರು ನಮ್ಮವರ ಬಾಯಲ್ಲಿ ನುಣುಪಾಗಿ ಡೇರೆಯಾಯಿತು. ಬಟ್ಟೆಯ ಡೇರೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ.

ಈ ಮೂರು ತಾಲ್ಲೂಕುಗಳಲ್ಲಿ ಬಹುಕಾಲದಿಂದ ಹೂಗಳ ಛಾಯಾಚಿತ್ರ ತೆಗೆಯುತ್ತ ಬಂದಿರುವ ನನಗೆ, ಅಂಗಳಕ್ಕೂ ದಾರಿಗೂ ನಡುವೆ ಇರುವ ಬೇಲಿಯೇ ಒಂದು ಇತಿಹಾಸವೆಂದು ತೋರಿದೆ. ಕೆಲವು ಹೂಗಳು ಆ ಬೇಲಿಯನ್ನು ಹೊರಕ್ಕೆ ಹಾರುತ್ತವೆ. ಕೆಲವನ್ನು ನಾವು ಒಳಕ್ಕೆ ಎಳೆದು ತರುತ್ತೇವೆ.

ಹಾರಿದ್ದಕ್ಕೆ ಲಂಟಾನವೇ ಸಾಕ್ಷಿ. ನರಸಿಂಹರಾಜಪುರದ ಕಡೆಯ ದಾರಿಗಳಲ್ಲಿ ಇದು ಎಲ್ಲೆಡೆ ಪೊದೆಗಟ್ಟಿದೆ. ಕ್ಯಾಮೆರಾ ಹಿಡಿದವನಿಗಂತೂ ಇದು ಮೋಹಕ: ಒಂದೇ ಗೊಂಚಲಿನ ನಡುವೆ ಹೊಸ ಹಳದಿ ಹೂಗಳು, ಸುತ್ತ ಹಳತಾಗಿ ಕೆಂಪೇರಿದ ಹೂಗಳು. ಅಮೆರಿಕದ ಉಷ್ಣವಲಯದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದದ್ದು ಬರಿಯ ಅಲಂಕಾರಕ್ಕೆ. ಹಕ್ಕಿಗಳು ಅದರ ಕಪ್ಪು ಹಣ್ಣು ತಿಂದು ಬೀಜ ಬಿತ್ತಿದವು. ಇಂದು ಭದ್ರಾ ಅಭಯಾರಣ್ಯದಂಥ ಕಾಡಿನ ನೆಲವನ್ನೂ ಅದು ಕವಿದಿದೆ. ಸೊಬಗು ನಿರಪರಾಧಿಯೆಂದು ನಂಬುವವರು ಈ ಪೊದೆಯ ಮುಂದೆ ತುಸು ನಿಲ್ಲಬೇಕು.

ಒಳಕ್ಕೆ ಎಳೆದದ್ದರ ಕತೆ ಬೇರೆ. ಮುಂಗಾರಿನ ಹೊತ್ತಿಗೆ ಮರದ ಕೊಂಬೆಗಳಿಂದ ಜಡೆಯಂತೆ ಇಳಿಬೀಳುವ ಸೀತಾಳೆ ದಂಡೆಯನ್ನು ಬೇರುಸಹಿತ ಕಿತ್ತು ಮನೆಯ ಮುಂದೆ ತೂಗುಹಾಕುವ ಹವ್ಯಾಸ ಹಬ್ಬಿದೆ. ಅಸ್ಸಾಮಿನಲ್ಲಿ ಇದೇ ಹೂವನ್ನು ಬಿಹು ಹಬ್ಬಕ್ಕೆ ಹೆಣ್ಣುಮಕ್ಕಳು ಮುಡಿಯುತ್ತಾರೆ. ಹೂ ಮುಡಿದರೆ ಗಿಡ ಉಳಿದೀತು. ಬೇರನ್ನೇ ಬಿಡಿಸಿದರೆ ಉಳಿಯುವುದು ಕಷ್ಟ.

ಕೀಳದೆಯೂ ಹೂವನ್ನು ಮನೆಗೆ ಒಯ್ಯುವ ಉಪಾಯವೇ ಛಾಯಾಚಿತ್ರ. ಈ ಕಲೆ ಕಣ್ತೆರೆದದ್ದೂ ಸಸ್ಯಗಳ ನಡುವೆಯೇ. ಇಂಗ್ಲೆಂಡಿನ ಟಾಲ್ಬಟ್ 1839ರಲ್ಲಿ ಲೋಕಕ್ಕೆ ತೋರಿಸಿದ ಮೊದಲ ಚಿತ್ರಗಳಲ್ಲಿ, ಬೆಳ್ಳಿಯ ಲವಣ ಸವರಿದ ಕಾಗದದ ಮೇಲೆ ಎಲೆ ಹೂಗಳನ್ನಿಟ್ಟು ಬಿಸಿಲಿಗೆ ಹಿಡಿದು ಪಡೆದ ನೆರಳುಗಳಿದ್ದವು. 1843ರಲ್ಲಿ ಆನಾ ಅಟ್ಕಿನ್ಸ್ ಎಂಬ ಮಹಿಳೆ ನೀರಿನ ಪಾಚಿಸಸ್ಯಗಳ ನೀಲಿ ಮುದ್ರೆಗಳನ್ನು ಪುಸ್ತಕವಾಗಿಸತೊಡಗಿದಳು. ಆಕೆ ಪ್ರತಿಯೊಂದು ಮುದ್ರೆಗೂ ಸಸ್ಯದ ಹೆಸರು ಬರೆದದ್ದು ನನಗೆ ಮುಖ್ಯವೆನಿಸುತ್ತದೆ. ಮೂವತ್ತಾರು ಚಿತ್ರಗಳ ಫಿಲ್ಮ್ ಸುರುಳಿಯ ಕಾಲದಲ್ಲಿ ಒಂದು ಹೂವಿನ ಮುಂದೆ ಕಾಲು ಗಂಟೆ ಕೂತಿರುತ್ತಿದ್ದೆವು. ಈಗ ಜೇಬಿನ ಫೋನಿನಲ್ಲಿ ನೂರು ತೆಗೆಯಬಹುದು, ಒಳ್ಳೆಯದೇ. ಆದರೆ ಹೆಸರು, ಊರು, ತಿಂಗಳು ಇಲ್ಲದ ಚಿತ್ರ ಕ್ಯಾಲೆಂಡರಿಗೆ ಸಲ್ಲುತ್ತದೆಯೇ ಹೊರತು ಚರಿತ್ರೆಗಲ್ಲ.

ಶೃಂಗೇರಿಯ ದಾರಿಯಲ್ಲಿ ಸೀತಾಳೆ ದಂಡೆ ತುಂಬಿದ್ದ ಒಂದು ಮುದಿ ಮಾವಿನ ಮರವಿತ್ತು. ರಸ್ತೆ ಅಗಲವಾಯಿತು, ಮರ ಹೋಯಿತು. ಅದು ಅಲ್ಲಿತ್ತೆನ್ನುವುದಕ್ಕೆ ನನ್ನಲ್ಲಿರುವ ಎರಡು ಚಿತ್ರಗಳೂ ಅವುಗಳ ಬೆನ್ನಿಗೆ ಬರೆದ ತಾರೀಖುಗಳೂ ಉಳಿದಿವೆ.

ಚಿತ್ರಕ್ಕಿಂತ ಬೇಗ ಅಳಿಯುವುದು ಹೆಸರು. ಕೊಪ್ಪದ ಬಳಿ ಗುಡ್ಡದ ನೇರಳೆ ಹೂವೊಂದನ್ನು ತೆಗೆಯುತ್ತಿದ್ದಾಗ ಸೌದೆ ಹೊತ್ತು ಬಂದ ಅಜ್ಜಿಯೊಬ್ಬರು, “ನೆಕ್ಕರಿಕೆ ಅಲ್ವನಾ ಅದು! ಹಣ್ಣು ತಿಂದ್ರೆ ಬಾಯೆಲ್ಲ ಕಪ್ಪಾಗ್ತದೆ” ಎಂದರು. ಸಸ್ಯಶಾಸ್ತ್ರಜ್ಞರು ಇದನ್ನು ಮೆಲಾಸ್ಟೊಮ ಎನ್ನುತ್ತಾರೆ. ಗ್ರೀಕಿನಲ್ಲಿ ಅದಕ್ಕೆ ಕಪ್ಪು ಬಾಯಿ ಎಂದೇ ಅರ್ಥ. ಆ ಚಿತ್ರದ ಕೆಳಗೆ ನಾನು ಎರಡು ಹೆಸರುಗಳನ್ನೂ ಬರೆದಿಟ್ಟಿದ್ದೇನೆ, ಅಜ್ಜಿಯದನ್ನು ಮೊದಲು.