ಆಸ್ಪತ್ರೆಗೆ ದಾಖಲಾದ ವಯಸ್ಕ ಕ್ಯಾನ್ಸರ್ ರೋಗಿಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಶುಶ್ರೂಷಾ ನಿರ್ಣಯಗಳು

(ರೋಗಿಗಳು ಹಾಗೂ ಅವರ ಜೊತೆಗಿರುವವರ ಮಾಹಿತಿಗಾಗಿ)

ಶುಶ್ರೂಷಾ ನಿರ್ಣಯ ಎಂದರೇನು?

ರೋಗ ಯಾವುದು, ಯಾವ ಹಂತದಲ್ಲಿದೆ ಎಂಬುದನ್ನು ವೈದ್ಯರು ನಿರ್ಣಯಿಸುತ್ತಾರೆ. ಆ ರೋಗದಿಂದ ಹಾಗೂ ಅದರ ಚಿಕಿತ್ಸೆಯಿಂದ ರೋಗಿಗೆ ಆಗುತ್ತಿರುವ ತೊಂದರೆಗಳನ್ನು ಮತ್ತು ಮುಂದೆ ಆಗಬಹುದಾದ ಅಪಾಯಗಳನ್ನು ಶುಶ್ರೂಷಕರು ಗುರುತಿಸಿ ದಾಖಲಿಸುವುದೇ ಶುಶ್ರೂಷಾ ನಿರ್ಣಯ. ಆದುದರಿಂದ ಒಂದೇ ಕಾಯಿಲೆಯ ಇಬ್ಬರು ರೋಗಿಗಳಿಗೆ ಬೇರೆ ಬೇರೆ ಶುಶ್ರೂಷಾ ನಿರ್ಣಯಗಳಿರಬಹುದು. ಇವುಗಳ ವರ್ಗೀಕರಣ ಕುರಿತ ಪ್ರಥಮ ಸಮ್ಮೇಳನವು 1973ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ನಡೆಯಿತು.

ಪ್ರಮುಖ ನಿರ್ಣಯಗಳು ಈ ಕೆಳಕಂಡಂತಿವೆ:

1. ಸೋಂಕಿನ ಅಪಾಯ: ಕಿಮೋಥೆರಪಿಯ ನಂತರ ಸಾಮಾನ್ಯವಾಗಿ 7ರಿಂದ 14 ದಿನಗಳ ಅವಧಿಯಲ್ಲಿ ಬಿಳಿ ರಕ್ತಕಣಗಳ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಆಗ ಸೋಂಕು ತಗುಲಿದರೂ ಕೀವು, ಬಾವು ಕಾಣಿಸಿಕೊಳ್ಳದೆ ಜ್ವರವೊಂದೇ ಲಕ್ಷಣವಾಗಿರಬಹುದು. ಉಷ್ಣಾಂಶವು 100.4 ಡಿಗ್ರಿ ಫ್ಯಾರನ್‌ಹೀಟ್ ತಲುಪಿದಲ್ಲಿ ಕೂಡಲೇ ತಿಳಿಸತಕ್ಕದ್ದು. ಜ್ವರದ ಮಾತ್ರೆಯನ್ನು ತಾವಾಗಿಯೇ ನೀಡಬಾರದು. ಜ್ವರ ಇಳಿದರೂ ಸೋಂಕು ಒಳಗೇ ಉಳಿದು ಪ್ರಾಣಾಪಾಯ ಉಂಟಾಗಬಹುದು.

2. ನೋವು: ರೋಗಿಯು 0ಯಿಂದ 10ರವರೆಗಿನ ಅಳತೆಯಲ್ಲಿ ನೋವಿನ ಪ್ರಮಾಣವನ್ನು ತಿಳಿಸಬೇಕು. ನೋವಿಗೆ ಮಾರ್ಫಿನ್ ನೀಡಿದಾಗ ಮಲಬದ್ಧತೆ ಸಾಮಾನ್ಯ. ಅದನ್ನೂ ಸಂಕೋಚವಿಲ್ಲದೆ ತಿಳಿಸುವುದು.

3. ಪೋಷಣೆಯ ಕೊರತೆ: ವಾಕರಿಕೆ, ರುಚಿ ಕೆಡುವಿಕೆ ಇದಕ್ಕೆ ಕಾರಣಗಳು. ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಆಹಾರ ನೀಡುವುದು ಸೂಕ್ತ.

4. ಬಾಯಿ ಹುಣ್ಣು: ಮೃದುವಾದ ಬ್ರಷ್ ಬಳಸಿ, ಖಾರ ಹಾಗೂ ಹುಳಿ ಪದಾರ್ಥಗಳನ್ನು ವರ್ಜಿಸಬೇಕು.

5. ಆಯಾಸ ಮತ್ತು ಬೀಳುವ ಅಪಾಯ: ಈ ಆಯಾಸವು ನಿದ್ರೆಯಿಂದ ಪೂರ್ಣವಾಗಿ ನೀಗುವುದಿಲ್ಲ. ರಾತ್ರಿ ಶೌಚಾಲಯಕ್ಕೆ ಹೋಗುವಾಗ ಜೊತೆಗೊಬ್ಬರು ಇರತಕ್ಕದ್ದು.

6. ರಕ್ತಸ್ರಾವದ ಅಪಾಯ: ಪ್ಲೇಟ್‌ಲೆಟ್ ಕಡಿಮೆಯಾದಾಗ ಒಸಡು, ಮೂಗು, ಮಲ ಅಥವಾ ಮೂತ್ರದಲ್ಲಿ ರಕ್ತ ಕಂಡಲ್ಲಿ ತಕ್ಷಣ ತಿಳಿಸಬೇಕು.

7. ಆತಂಕ: ರೋಗ, ಖರ್ಚು ಮತ್ತು ಕುಟುಂಬದ ಚಿಂತೆಯಿಂದ ನಿದ್ರೆ ಬಾರದಿರುವುದೂ ದಾಖಲಿಸಬೇಕಾದ ತೊಂದರೆಯೇ ಆಗಿದೆ.

ಜೊತೆಗಿರುವವರ ಪಾತ್ರ

ನೋವನ್ನು ಸಹಿಸಿಕೊಳ್ಳುವುದೇ ಒಳ್ಳೆಯದೆಂದು ಅಥವಾ ಸಿಬ್ಬಂದಿಗೆ ತೊಂದರೆ ಕೊಡಬಾರದೆಂದು ಅನೇಕ ರೋಗಿಗಳು ಸುಮ್ಮನಿರುತ್ತಾರೆ. ಹೇಳದೇ ಉಳಿದ ತೊಂದರೆಯು ದಾಖಲಾಗದೇ, ಆರೈಕೆಯ ಯೋಜನೆಯಿಂದಲೂ ಹೊರಗುಳಿಯುವ ಸಂಭವವಿರುತ್ತದೆ. ಎಷ್ಟು ಊಟ ಮಾಡಿದರು, ಎಷ್ಟು ಬಾರಿ ವಾಂತಿಯಾಯಿತು, ನಿದ್ರೆ ಬಂತೇ ಎಂಬುದನ್ನು ಜೊತೆಗಿರುವವರು ಗಮನಿಸಿ ತಿಳಿಸುವುದು ಅಗತ್ಯ.

ಬಿಡುಗಡೆಯ ಸಮಯದಲ್ಲಿ

ಮೇಲೆ ತಿಳಿಸಿದ 7ರಿಂದ 14 ದಿನಗಳ ಅವಧಿಯು ಅನೇಕ ವೇಳೆ ರೋಗಿಯು ಮನೆಗೆ ಮರಳಿದ ನಂತರವೇ ಬರುತ್ತದೆ. ಆದ್ದರಿಂದ ಬಿಡುಗಡೆಗೆ ಮುನ್ನ, ಯಾವ ಲಕ್ಷಣ ಕಂಡರೆ ಮರಳಿ ಬರಬೇಕು, ರಾತ್ರಿ ವೇಳೆಯಲ್ಲಿ ಯಾವ ದೂರವಾಣಿಯನ್ನು ಸಂಪರ್ಕಿಸಬೇಕು ಎಂಬುದನ್ನು ಲಿಖಿತವಾಗಿ ಪಡೆದುಕೊಳ್ಳಬೇಕೆಂದು ಹಾಗೂ ಮನೆಯಲ್ಲಿ ಥರ್ಮಾಮೀಟರ್ ಇರಿಸಿಕೊಳ್ಳಬೇಕೆಂದು ಕೋರಲಾಗಿದೆ.