ಕಿವಿಯಿಂದ ಓದುವ ಗಣಕ: ಎನ್‌ವಿಡಿಎ ಕಥೆ

ಕಣ್ಣು ಕಾಣದವರು ಕಂಪ್ಯೂಟರ್ ಬಳಸುವುದು ಹೇಗೆ ಎಂದು ಮಕ್ಕಳು ಆಗಾಗ ಕೇಳುತ್ತಾರೆ. ಕೀಲಿಮಣೆ ಅವರಿಗೆ ದೊಡ್ಡ ಕಷ್ಟವಲ್ಲ. ಎಫ್ ಮತ್ತು ಜೆ ಕೀಲಿಗಳ ಮೇಲೆ ಉಬ್ಬಿದ ಸಣ್ಣ ಗೆರೆಯೊಂದಿದೆ, ಬೆರಳಿಗೆ ಅಷ್ಟು ಸಾಕು. ತೊಡಕಿರುವುದು ಪರದೆಯಲ್ಲಿ. ಅಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶಕ್ಕೆ ಸ್ಕ್ರೀನ್ ರೀಡರ್ ಎನ್ನುತ್ತಾರೆ. ಅದು ಬೆಳೆದು ಬಂದ ದಾರಿಯನ್ನು ಗಡಿಯಾಚೆಯ ಕನ್ನಡ ಮೇಷ್ಟ್ರುಗಳಾದ ನಾವೂ ತಿಳಿದಿರಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಅಮೆರಿಕದ ಟೆಡ್ ಹೆಂಟರ್ ಅವರ ಹೆಸರು ಹೇಳಬೇಕು. ಮೋಟಾರ್ ಸೈಕಲ್ ರೇಸ್ ಓಡಿಸುತ್ತಿದ್ದ ಈ ಮನುಷ್ಯ 1978ರ ಕಾರು ಅಪಘಾತದಲ್ಲಿ ದೃಷ್ಟಿ ಕಳೆದುಕೊಂಡರು. ಆಮೇಲೆ ಪ್ರೋಗ್ರಾಮಿಂಗ್ ಕಲಿತರು. ಅವರ ಕಂಪೆನಿಯಿಂದ 1989ರಲ್ಲಿ 'ಜಾಸ್' ಎಂಬ ಸ್ಕ್ರೀನ್ ರೀಡರ್ ಹೊರಬಂತು. ಆಗಿನದು ಡಾಸ್ ಕಾಲ. ಪರದೆಯ ಮೇಲೆ ಬರೀ ಅಕ್ಷರಗಳಿದ್ದವು, ಓದಿಸುವುದು ಅಷ್ಟು ಕಠಿಣವಲ್ಲ. ವಿಂಡೋಸ್ ಬಂದ ಮೇಲೆ ಎಲ್ಲವೂ ಚಿತ್ರವಾಯಿತು. ಕಣ್ಣಿದ್ದವರಿಗೆ ಸುಲಭವಾದದ್ದೇ ಇಲ್ಲದವರಿಗೆ ಗೋಡೆಯಾಯಿತು ನೋಡಿ! 1995ರಲ್ಲಿ ಜಾಸ್ ವಿಂಡೋಸ್‌ಗೂ ಬಂತು. 1997ರಲ್ಲಿ ಮೈಕ್ರೋಸಾಫ್ಟ್ ಒಂದು ಹೊಸ ವ್ಯವಸ್ಥೆ ಕೊಟ್ಟಿತು. ತೆರೆಯ ಮೇಲಿನ ಪ್ರತಿಯೊಂದು ವಸ್ತುವೂ 'ನಾನು ಗುಂಡಿ, ನನ್ನ ಹೆಸರು ಸೇವ್' ಎಂದು ಸ್ಕ್ರೀನ್ ರೀಡರಿಗೆ ತಿಳಿಸುವ ಏರ್ಪಾಡು ಅದು. ತಂತ್ರಾಂಶ ಬರೆದವನು ಆ ಗುಂಡಿಗೆ ಹೆಸರನ್ನೇ ಕೊಡದಿದ್ದರೆ? ಆಗ ಕಿವಿಗೆ ಕೇಳುವುದು ಬರೀ 'ಗುಂಡಿ, ಗುಂಡಿ, ಗುಂಡಿ'.

ಇಷ್ಟಾದರೂ ಹಣದ ಪ್ರಶ್ನೆ ಉಳಿಯಿತು. ಒಳ್ಳೆಯ ಸ್ಕ್ರೀನ್ ರೀಡರ್ ಒಂದಕ್ಕೆ ಸಾವಿರ ಡಾಲರಿನ ಆಸುಪಾಸು ಬೆಲೆ. ಎಷ್ಟೋ ಕಡೆ ಕಂಪ್ಯೂಟರಿಗಿಂತ ಅದನ್ನು ಓದಿಸುವ ತಂತ್ರಾಂಶವೇ ದುಬಾರಿ. ನಮ್ಮ ಕಡೆಯ ಮನೆಗಳಿಗೆ ಅದು ಕನಸಿನ ಮಾತು.

ಇದಕ್ಕೆ ಉತ್ತರ ಬಂದದ್ದು ಆಸ್ಟ್ರೇಲಿಯಾದಿಂದ. ಮೈಕೆಲ್ ಕರನ್ ಮತ್ತು ಜೇಮ್ಸ್ ಟೆಹ್ ಇಬ್ಬರೂ ಅಂಧರು, ಬಾಲ್ಯದಲ್ಲಿ ಸಂಗೀತ ಶಿಬಿರವೊಂದರಲ್ಲಿ ಪರಿಚಯವಾದ ಗೆಳೆಯರು. 2006ರ ಏಪ್ರಿಲ್‌ನಲ್ಲಿ ಕರನ್ ಪೈಥಾನ್ ಭಾಷೆಯಲ್ಲಿ ಒಂದು ಸ್ಕ್ರೀನ್ ರೀಡರ್ ಬರೆಯತೊಡಗಿದರು. ಕಣ್ಣಿರುವವನು ಕೊಡುವ ಬೆಲೆಗಿಂತ ಹೆಚ್ಚಿನ ಬೆಲೆಯನ್ನು ಅಂಧನು ಯಾಕೆ ಕೊಡಬೇಕು ಎಂಬುದೇ ಅದರ ಹಿಂದಿನ ವಿಚಾರ. ಟೆಹ್ ಜತೆಗೂಡಿದರು. ಅದೇ ಎನ್‌ವಿಡಿಎ. 2007ರಲ್ಲಿ ಇಬ್ಬರೂ ಸೇರಿ ಎನ್‌ವಿ ಆಕ್ಸೆಸ್ ಎಂಬ ಲಾಭರಹಿತ ಸಂಸ್ಥೆ ಕಟ್ಟಿದರು. ಮೊಝಿಲ್ಲಾದವರು ಧನಸಹಾಯ ಮಾಡಿದರು. ತಂತ್ರಾಂಶ ಪುಕ್ಕಟೆ, ಅದರ ಮೂಲ ಸಂಕೇತವೂ ಎಲ್ಲರಿಗೂ ಮುಕ್ತ. ಯಾರು ಬೇಕಾದರೂ ತಿದ್ದಬಹುದು, ತಮ್ಮ ಭಾಷೆಗೆ ತರಬಹುದು. ಹಾಗೆ ಬಂದ ಸ್ವಯಂಸೇವಕರಿಂದಲೇ ಅದು ಐವತ್ತಕ್ಕೂ ಹೆಚ್ಚು ಭಾಷೆಗಳನ್ನು ಮುಟ್ಟಿತು.

ಇದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ವಿಂಡೋಸ್ ಬದಲಾದಾಗ, ಬ್ರೌಸರ್ ಬದಲಾದಾಗ ಇದೂ ಬದಲಾಗಬೇಕು. ನಿನ್ನೆ ಓದುತ್ತಿದ್ದದ್ದು ಇಂದು ಮೌನವಾಗಬಹುದು. ಪೈಥಾನ್‌ನ ಹಳೆಯ ಎರಡನೇ ಆವೃತ್ತಿಗೆ 2020ರ ಜನವರಿಯಲ್ಲಿ ಬೆಂಬಲ ನಿಂತಿತು. ತಂಡದವರು ತಮ್ಮ ಇಡೀ ಸಂಕೇತವನ್ನು ಮೂರನೇ ಆವೃತ್ತಿಗೆ ಸಾಗಿಸಬೇಕಾಯಿತು. 2019.3 ಎಂದು ಹೆಸರಿಟ್ಟ ಆವೃತ್ತಿ ಕೊನೆಗೆ ಹೊರಬಂದದ್ದು 2020ರ ಫೆಬ್ರವರಿಯಲ್ಲಿ! ಮನೆಗೆ ಹೊಸ ಪಂಚಾಂಗ ಹಾಕಿದ ಹಾಗೆ, ಹೊರಗಿನಿಂದ ನೋಡುವವರಿಗೆ ಏನೂ ಕಾಣದ ಶ್ರಮ. ಟೆಹ್ ಮುಂದೆ ಮೊಝಿಲ್ಲಾ ಸೇರಿ, ಫೈರ್‌ಫಾಕ್ಸ್‌ನ ಒಳಗಿನಿಂದಲೇ ಇದೇ ಕೆಲಸ ಮುಂದುವರಿಸಿದರು.

ಈಗ ಕನ್ನಡದ ವಿಷಯ. ಎನ್‌ವಿಡಿಎ ಜತೆಗೆ ಬರುವ ಧ್ವನಿಯ ಹೆಸರು ಇಸ್ಪೀಕ್. ಜೊನಾಥನ್ ಡಡಿಂಗ್ಟನ್ ಅವರು 1995ರಲ್ಲಿ ಏಕಾರ್ನ್ ಗಣಕಗಳಿಗಾಗಿ ಬರೆದ ಪುಟ್ಟ ತಂತ್ರಾಂಶದಿಂದ ಅದು ಬೆಳೆಯಿತು. 2015ರ ನಂತರ ಇಸ್ಪೀಕ್ ಎನ್‌ಜಿ ಎಂಬ ಹೆಸರಿನಲ್ಲಿ ಬೇರೆಯವರು ಮುಂದುವರಿಸಿದರು. ಅದರಲ್ಲಿ ಕನ್ನಡವೂ ಉಂಟು. ಧ್ವನಿ ಸ್ವಲ್ಪ ಯಂತ್ರದ ಹಾಗೆಯೇ, ಇಂಪೇನೂ ಇಲ್ಲ. ಆದರೆ ಅಭ್ಯಾಸವಿದ್ದವರು ಅದನ್ನು ನಮಗೆ ಅರ್ಥವೇ ಆಗದ ವೇಗದಲ್ಲಿ ಓಡಿಸಿ ಕೇಳುತ್ತಾರೆ.

ಒಂದು ಷರತ್ತಿದೆ: ಬರಹ ಯೂನಿಕೋಡ್‌ನಲ್ಲಿರಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ನಾವು ಮಾತ್ರ ಬಹಳ ಕಾಲ ನುಡಿಯ ಹಳೆಯ ಫಾಂಟ್‌ಗಳಲ್ಲೇ ಕುಟ್ಟಿದೆವು. ಡಿಟಿಪಿ ಅಂಗಡಿಗಳಲ್ಲಿ ಈಗಲೂ ಅದು ನಡೆಯುತ್ತದೆ. ಆ ಫಾಂಟ್‌ಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷಿನ ಜಾಗಗಳಲ್ಲಿ ವೇಷ ಹಾಕಿಕೊಂಡು ಕುಳಿತಿರುತ್ತವೆ. 'ಕ' ಇರುವುದು ದೊಡ್ಡ 'ಪಿ'ಯ ಜಾಗದಲ್ಲಿ, 'ನ' ಇರುವುದು ಬ್ರಿಟಿಷ್ ಪೌಂಡಿನ ಚಿಹ್ನೆಯಲ್ಲಿ, 'ಡ' ಇರುವುದು ಸಣ್ಣ 'ಕ್ಯೂ'ನಲ್ಲಿ. ಕಣ್ಣಿಗೆ 'ಕನ್ನಡ' ಎಂದು ಚಂದವಾಗಿ ಕಾಣುತ್ತದೆ. ಸ್ಕ್ರೀನ್ ರೀಡರಿಗೆ ವೇಷ ಕಾಣುವುದಿಲ್ಲ, ಅದು ಪಿ, ಪೌಂಡ್, ಕ್ಯೂ ಎಂದು ಒದರುತ್ತದೆ. ಪುಸ್ತಕವನ್ನು ಫೋಟೋ ತೆಗೆದು ಪಿಡಿಎಫ್ ಮಾಡಿದರಂತೂ ಅದಕ್ಕೆ ಓದಲು ಅಕ್ಷರವೇ ಇಲ್ಲ. ಹಾಗೆ ತಯಾರಾದ ಪ್ರಶ್ನೆಪತ್ರಿಕೆ, ನೋಟ್ಸು ಕಣ್ಣಿಲ್ಲದ ಮಗುವಿನ ಮಟ್ಟಿಗೆ ಖಾಲಿ ಹಾಳೆ. ನಾವು ಮೇಷ್ಟ್ರುಗಳು ಸಂಬಂಧಪಡುವುದು ಇಲ್ಲೇ.

ಕಾಸರಗೋಡಿನವರಿಗೆ ಇನ್ನೊಂದು ಮಾತು. ಎನ್‌ವಿಡಿಎ ವಿಂಡೋಸ್‌ನಲ್ಲಿ ಮಾತ್ರ ನಡೆಯುತ್ತದೆ. ಕೇರಳದ ಶಾಲೆಗಳಲ್ಲಿ ಐಟಿ ಅಟ್ ಸ್ಕೂಲ್ ಯೋಜನೆಯ ಕಾಲದಿಂದ (2017ರಿಂದ ಅದು ಕೈಟ್) ಇರುವುದು ಗ್ನೂ ಲಿನಕ್ಸ್. ಅದರ ಸ್ಕ್ರೀನ್ ರೀಡರ್ ಓರ್ಕಾ. ಸನ್ ಮೈಕ್ರೋಸಿಸ್ಟಮ್ಸ್ ಕಂಪೆನಿಯಲ್ಲಿ ಹುಟ್ಟಿ 2006ರಲ್ಲಿ ಗ್ನೋಮ್‌ನ ಭಾಗವಾಯಿತು. 2010ರಲ್ಲಿ ಒರಾಕಲ್ ಸನ್ ಅನ್ನು ಕೊಂಡುಕೊಂಡು ಆ ತಂಡವನ್ನು ಕರಗಿಸಿದಾಗ, ಜೋನ್‌ಮೇರಿ ಡಿಗ್ಸ್ ಎಂಬ ಮಹಿಳೆ ಅದನ್ನು ಕೈಗೆತ್ತಿಕೊಂಡು ಉಳಿಸಿದರು. ಓರ್ಕಾ ಕೂಡ ಇಸ್ಪೀಕ್ ಧ್ವನಿಯಲ್ಲಿ ಕನ್ನಡ ಓದಬಲ್ಲದು.

ಕೇಳಿಸಿಕೊಂಡರೆ ಸಾಕೇ, ಒತ್ತಕ್ಷರ ಕಲಿಯುವುದು ಹೇಗೆ ಎನ್ನಬಹುದು. ಅದಕ್ಕೆ ಬ್ರೈಲ್ ಪ್ರದರ್ಶಕವಿದೆ. ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಚುಕ್ಕಿಗಳಾಗಿಸಿ ಬೆರಳಿನ ಕೆಳಗೆ ಎಬ್ಬಿಸುತ್ತದೆ. ಆ ಚುಕ್ಕಿಗಳು ನಮ್ಮ ದೇಶ 1951ರಲ್ಲಿ ಒಪ್ಪಿಕೊಂಡ ಭಾರತೀ ಬ್ರೈಲ್‌ನವು. ಅದರಲ್ಲಿ ಒಂದೇ ಉಚ್ಚಾರಕ್ಕೆ ಎಲ್ಲ ಭಾಷೆಗಳಲ್ಲೂ ಒಂದೇ ಗುರುತು. ಒಂದನೇ ಮತ್ತು ಮೂರನೇ ಚುಕ್ಕಿ ಎಂದರೆ ಮಂಜೇಶ್ವರದ ಮಗುವಿಗೆ ಕನ್ನಡದ 'ಕ', ಪಕ್ಕದ ತರಗತಿಯ ಮಲಯಾಳಂ ಮಗುವಿಗೆ ಅವರ 'ಕ', ತಾಳವಾಡಿಯಲ್ಲಿ ತಮಿಳಿನದು, ಜತ್ತದಲ್ಲಿ ಮರಾಠಿಯದು.