ಬಹುಮತವನ್ನು ಎಣಿಸುವ ಸ್ಥಳ

ರಾಜಭವನಕ್ಕೂ ವಿಧಾನಸೌಧಕ್ಕೂ ನಡುವೆ ಇರುವುದು ಕಾಲ್ನಡಿಗೆಯ ದೂರ. ಮಂತ್ರಿಮಂಡಲಕ್ಕೆ ಬಹುಮತವುಂಟೋ ಇಲ್ಲವೋ ಎಂಬುದನ್ನು ಈ ಎರಡರಲ್ಲಿ ಯಾವ ಕಟ್ಟಡದೊಳಗೆ ನಿರ್ಣಯಿಸತಕ್ಕದ್ದು? ಪ್ರಶ್ನೆ ಹುಟ್ಟಿದುದು ಬೆಂಗಳೂರಿನಲ್ಲಿ, 1989ರಲ್ಲಿ. ದೆಹಲಿಯ ಸುಪ್ರೀಂ ಕೋರ್ಟು ಉತ್ತರವಿತ್ತುದು 1994ರಲ್ಲಿ.

1988ನೆಯ ಇಸವಿ ಆಗಸ್ಟಿನಲ್ಲಿ ಶ್ರೀ ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಗಳಾದರು. ಮರುವರ್ಷ ಏಪ್ರಿಲ್ 15ರಂದು ಮಂತ್ರಿಮಂಡಲವನ್ನು ಹಿಗ್ಗಿಸಿದರು. ಎರಡೇ ದಿನಗಳಲ್ಲಿ ಅಸಮಾಧಾನವು ತಲೆದೋರಿ, 19 ಮಂದಿ ಶಾಸಕರು ಬೆಂಬಲವನ್ನು ಹಿಂದೆಗೆದುಕೊಂಡರೆಂಬ ಪತ್ರಗಳು ರಾಜ್ಯಪಾಲ ಶ್ರೀ ಪಿ. ವೆಂಕಟಸುಬ್ಬಯ್ಯನವರ ಕೈಸೇರಿದುವು. ಅವರು 19ರಂದು ರಾಷ್ಟ್ರಪತಿಗಳಿಗೆ ವರದಿ ಬರೆದರು. ಮರುದಿನವೇ ಆ ಶಾಸಕರಲ್ಲಿ ಏಳು ಮಂದಿ, ತಮ್ಮಿಂದ ಸುಳ್ಳು ಹೇಳಿ ಸಹಿ ಪಡೆಯಲಾಯಿತೆಂದು ತಿಳಿಸಿದರು. ಸಭೆಯನ್ನು 27ರಂದು ಕರೆಯುವೆವು, ಅಲ್ಲಿಯೇ ಬಲವನ್ನು ಪರೀಕ್ಷಿಸಬಹುದು ಎಂದು ಮುಖ್ಯಮಂತ್ರಿಗಳು ಅರಿಕೆ ಮಾಡಿದರೂ ಫಲವಾಗಲಿಲ್ಲ. 21ರಂದು ಸಂವಿಧಾನದ 356ನೆಯ ಅನುಚ್ಛೇದದ ಮೇರೆಗೆ ಮಂತ್ರಿಮಂಡಲವು ವಜಾ ಆಯಿತು. 1985ರಲ್ಲಿ ಪ್ರಜೆಗಳು ಆರಿಸಿ ಕಳುಹಿದ ಸಭೆಯೂ ವಿಸರ್ಜಿತವಾಯಿತು.

ವಾರದೊಳಗೆ ಎರಡು ಬಗೆಯ ಕಾಗದ ಬರೆಯಬಲ್ಲ ಶಾಸಕರನ್ನು ನಾವು ಹೊಗಳಬೇಕಾಗಿಲ್ಲ. ಆದರೆ ಅವರ ಚಂಚಲತೆಯೇ ಸಭೆಯಲ್ಲಿ ಬಹಿರಂಗವಾಗಿ ಮತ ಎಣಿಸಬೇಕೆಂಬುದಕ್ಕೆ ಬಲವಾದ ಕಾರಣವಷ್ಟೆ! ಇಟ್ಟಮಡುವಿನ ಮತದಾರನು ಕೊಟ್ಟ ಅಧಿಕಾರವನ್ನು ಮುಚ್ಚಿದ ಕೊಠಡಿಯಲ್ಲಿ ಕಾಗದ ನೋಡಿ ಕಿತ್ತುಕೊಳ್ಳಬಹುದಾದರೆ, ಅವನ ಮತಕ್ಕೆ ಬೆಲೆಯೇನು?

ಕರ್ನಾಟಕ ಹೈಕೋರ್ಟಿನ ಮೂವರು ನ್ಯಾಯಾಧೀಶರು ಬೊಮ್ಮಾಯಿಯವರ ಅರ್ಜಿಯನ್ನು ತಳ್ಳಿಹಾಕಿದರು. ಮೇಲ್ಮನವಿಯು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಮುಂದೆ ಬಂದು, 1994ನೆಯ ಇಸವಿ ಮಾರ್ಚ್ 11ರಂದು ತೀರ್ಪಾಯಿತು. ರಾಷ್ಟ್ರಪತಿಗಳ ಘೋಷಣೆಯೂ ನ್ಯಾಯಾಲಯದ ವಿಚಾರಣೆಗೆ ಒಳಪಟ್ಟದ್ದು. ಅದಕ್ಕೆ ಆಧಾರವಾದ ಸಂಗತಿಗಳನ್ನು ನ್ಯಾಯಾಧೀಶರು ಕೇಳಿ ನೋಡಬಹುದು. ಪಾರ್ಲಿಮೆಂಟಿನ ಎರಡು ಸಭೆಗಳೂ ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸಲಾಗದು. ಬಹುಮತದ ಪರೀಕ್ಷೆ ನಡೆಯತಕ್ಕದ್ದು ಸಭೆಯಲ್ಲಿ. ಕರ್ನಾಟಕದಲ್ಲಿ ನಡೆದುದು ಸಂವಿಧಾನಕ್ಕೆ ವಿರುದ್ಧವೆಂದಾಯಿತು. ಆದರೆ ಅದೇ ತೀರ್ಪು, ಮತನಿರಪೇಕ್ಷತೆಯು ಸಂವಿಧಾನದ ಮೂಲ ಲಕ್ಷಣವೆಂದು ಹೇಳಿ, 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲ ಪ್ರದೇಶಗಳಲ್ಲಿ ಮಂತ್ರಿಮಂಡಲಗಳನ್ನು ವಜಾ ಮಾಡಿದುದನ್ನು ಎತ್ತಿಹಿಡಿಯಿತು. ಆದುದರಿಂದ ಇದನ್ನು ರಾಜ್ಯಗಳ ಪಕ್ಷದ ತೀರ್ಪೆಂದಷ್ಟೇ ಕರೆಯುವುದು ಸರಿಯಲ್ಲ.

ಬೊಮ್ಮಾಯಿಯವರಿಗೆ ದೊರೆತುದೇನು? 1989ರ ನವೆಂಬರಿನಲ್ಲಿಯೇ ಹೊಸ ಚುನಾವಣೆ ಮುಗಿದು, ಬೇರೊಂದು ಸರಕಾರ ಬಂದಿತ್ತು. ಪೈರು ಒಣಗಿದ ಮೇಲೆ ಬಂದ ಮಳೆಯೆಂದು ಕೆಲವರು ಅಂದರು. ಆ ಮಳೆಯ ಫಲವನ್ನು ವಿಧಾನಸೌಧವು 2018ರ ಮೇ ತಿಂಗಳಲ್ಲಿ ಕಂಡಿತು. ಬಹುಮತ ತೋರಿಸಲು ಶ್ರೀ ಬಿ. ಎಸ್. ಯಡಿಯೂರಪ್ಪನವರಿಗೆ ರಾಜ್ಯಪಾಲರು ಹದಿನೈದು ದಿನಗಳ ಅವಕಾಶವಿತ್ತಿದ್ದರು; ಸುಪ್ರೀಂ ಕೋರ್ಟು 18ರಂದು, ಮರುದಿನ ಸಂಜೆ ನಾಲ್ಕು ಗಂಟೆಗೇ ಪರೀಕ್ಷೆ ನಡೆಯಲೆಂದು ಆಜ್ಞಾಪಿಸಿತು. ಮತ ಎಣಿಸುವ ಮೊದಲೇ ಅವರು ರಾಜೀನಾಮೆಯಿತ್ತರು.